ಮೋಜಣಿದಾರನ ಮನ್ಯಾಗ ಮೀನಿನ ಸ್ಟ್ಯಾಂಡು

ಕೆಲವ್ರ ಮನ್ಯಾಗ ನಗು ತಾನ ಬರತೈತಿ. ನಮ್ಮ ಮನ್ಯಾಗ ಹಂಗಲ್ಲ, ನಾ ಕೈಯಾಗ ಒಂದು ಹತಾರ ಹಿಡದ್ರ ಸಾಕು, ಓಣಿ ಮಂದಿ ಕುರ್ಚಿ ತಂದು ಹಾಕ್ಕೊಂಡು ಕುಂಡರತಾರ. ಹಂಗಂತ ನಾ ಏನ ಅಡ್ನಾಡಿ ಮನಶ್ಯಾ ಅಲ್ರಿ. ಮೋಜಣಿದಾರ ಇದ್ದಾವ, ಹೊಲಾ ಅಳಿಯೂ ಸರಕಾರಿ ನೌಕರಿ. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ, ಈ ನಾಕೂ ತಾಲೂಕಿನ್ಯಾಗ ನಾ ಸರಪಳಿ ಎಳೀಲಾರದ ಊರು ಕಡಿಮಿ. ಈಗ ರಿಟೈರ್ ಆಗಿ ಸವಣೂರಾಗ ಸ್ವಂತ ಮನಿ ಕಟ್ಟಿಸಿಕೊಂಡು ಅದೇನಿ. ಕುಂತ ಜಾಗಾದಾಗ ಕುಂಡರಲಾರದ ಮೈಮ್ಯಾಲ ಎಳಕೊಂಡ ಕಥಿ ಇದು.

೧. ಬರೇ ನೋಡಾಕ

ಶಿಗ್ಗಾಂವಿಯೊಳಗಿನ ನನ್ನ ಷಡ್ಡಕ, ಅಂದ್ರ ನಮ್ಮಾಕಿ ತಂಗಿ ಗಂಡ, ಮನಿ ಬದಲಿಸಿದ. ಹೊಸಾ ಮನಿ ಮಾಲಕ "ಮಾಳಗಿ ಮ್ಯಾಲ ಅಷ್ಟು ನೀರಿನ ಭಾರ ಬ್ಯಾಡ" ಅಂದನಂತ. ಈ ಪುಣ್ಯಾತ್ಮ ಐದು ಫೂಟಿನ ಗಾಜಿನ ಪೆಟ್ಟಿಗಿ, ಅದರಾಗಿನ ಎಂಟು ಬಂಗಾರ ಬಣ್ಣದ ಮೀನು, ಎಲ್ಲಾ ಟೆಂಪೋದಾಗ ಹೇರಿ ನಮ್ಮ ಮನಿಗೆ ಕಳಿಸಿಬಿಟ್ಟ.

ನಾವು ಲಿಂಗಾ ಕಟ್ಟಿದ ಮಂದಿ. ಹಾಡಹಗಲಿ ನಾ ಎರಡೂ ಕೈಯಾಗ ಮೀನಿನ ಚೀಲಾ ಹಿಡಕೊಂಡು ಟೆಂಪೋದಿಂದ ಮನಿಯೊಳಗ ಹೋಗೂದು ಓಣಿಗೆ ಓಣಿನ ನೋಡ್ತು. ಬಾಜೂ ಮನಿ ಅಜ್ಜಾರು ನನ್ನ ಸನ್ನಿ ಮಾಡಿ ಕರದು, ಕಿವ್ಯಾಗ ಕೇಳಿದ್ರು: "ಈ ವಯಸ್ಸಿನ್ಯಾಗ ಸುರು ಮಾಡಿದ್ರ್ಯಾ? ಡಾಕ್ಟರ ಹೇಳ್ಯಾರೇನು?"

"ಛೇ ಛೇ, ತಿನ್ನಾಕ ಅಲ್ರಿ ಅಜ್ಜಾರ. ಬರೇ ನೋಡಾಕ."

ಅಜ್ಜಾರು ಬಾಳ ಮರುಕದಿಂದ ನನ್ನ ಬೆನ್ನ ಸವರಿದ್ರು. "ಎಲ್ಲಾರೂ ಮದಲ ನೋಡಾಕಂತನ ಸುರು ಮಾಡತಾರಪಾ."

೨. ರೆಪ್ಪಿ ಇಲ್ಲದ ಕಣ್ಣು

ಪೆಟ್ಟಿಗಿ ಬಂತು, ಅದನ್ನ ಇಡಾಕ ಸ್ಟ್ಯಾಂಡು ಇಲ್ಲ. ಅದು ಆಗೂಮಟ ಅಂತ ಮೀನು ನಮ್ಮ ಬಚ್ಚಲದಾಗಿನ ಸಿಮೆಂಟಿನ ತೊಟ್ಟ್ಯಾಗ ಬಿಟ್ಟೆ. ಮೂರನೇ ದಿನಾ ನಮ್ಮಾಕಿ ಹೆಗಲಮ್ಯಾಲ ಟಾವೆಲ್ ಹಾಕ್ಕೊಂಡು ಒಣಾ ಮೈಲೆ ಹೊರಗ ಬಂದ್ಲು.

"ನಾ ಝಳಕಾ ಮಾಡಂಗಿಲ್ಲ. ಎಂಟೂ ಸಾಲಾಗಿ ನಿಂತು ನನ್ನ ನೋಡಾಕತ್ತಾವ."

"ಅವಕ್ಕ ರೆಪ್ಪಿ ಇಲ್ಲ. ಕಣ್ಣು ಮುಚ್ಚರಿ ಅಂದ್ರ ಹೆಂಗ ಮುಚ್ಚತಾವ?" ಅಂದೆ. ಈ ಶಾಣ್ಯಾತನಾ ಆಗ ಬೇಕಾಗಿರಲಿಲ್ಲ.

"ಅಮಾಸಿ ತನಕಾ ಟೈಮ್ ಕೊಡತೇನಿ," ಅಂದ್ಲು. "ಅಷ್ಟರಾಗ ನಡುಮನ್ಯಾಗ ಗಟ್ಟಿ ಸ್ಟ್ಯಾಂಡು ನಿಂದರಬೇಕು, ಪೆಟ್ಟಿಗ್ಯಾಗಿನ ನೀರು ನೆಟ್ಟಗ ಕಾಣಬೇಕು. ಸೊಟ್ಟ ನಿಂತು ಒಂದಿನಾ ಗಾಜು ಒಡದು ಮನಿ ತುಂಬ ನೀರಾದ್ರ ಬಳಿಯಾಕಿ ನಾ. ಆಗಲಿಲ್ಲ ಅಂದ್ರ ಮೀನು ಕೆರಿಗೆ."

ಖರೇ ಹೇಳಬೇಕಂದ್ರ ಆ ಮೂರು ದಿನದಾಗ ನನಗ ಮೀನಿನ ಹುಚ್ಚು ಹಿಡದಿತ್ತು. ರಿಟೈರ್ ಆದಮ್ಯಾಲ ನನ್ನ ಮಾರಿ ಕಂಡಕೂಡ್ಲೆ ಓಡಿ ಬರೂ ಜೀವಾ ಅಂದ್ರ ಅವ ಎಂಟ. ಆದ್ರ ಹಂಗಂತ ಹೇಳಾಕಾಗತೈತೇನು?

"ನಾಕು ತಾಲೂಕು ಅಳದಾವಗ ಐದು ಫೂಟಿನ ಸ್ಟ್ಯಾಂಡು ಯಾವ ಲೆಕ್ಕಾ?" ಅಂತ ಮೀಸಿ ತಿರುವಿದೆ. ಆಕಿ ತೊಟ್ಟಿಮ್ಯಾಲ ಒಂದು ಹಳೇ ಸೀರಿ ಹೊಚ್ಚಿ ಝಳಕಕ್ಕ ಹೋದ್ಲು.

೩. ಪೂರಾ ಟೆಸ್ಟು

ಹತ್ತಿಮತ್ತೂರಾಗ ಒಬ್ಬ ಬಡಿಗ ಅದಾನ, ಚಕ್ಕಡಿ ಮಾಡಿ ಹೆಸರಾದಾವ. ಅವನ ಕಡೆ ಹೋಗಿ, "ನೀರು ತುಂಬಿದ್ರ ನಾಕು ಕ್ವಿಂಟಲ್ ಮ್ಯಾಲ ಆಕ್ಕೈತಿ, ಅಷ್ಟು ತಡೀಬೇಕು" ಅಂದೆ.

"ಜ್ವಾಳದ ಚೀಲ ನಾಕು ಅನ್ರಿ," ಅಂದ ಅವ, ಕರಿಜಾಲಿ ಕಟಗಿ ಹಚ್ಚಿ ಚೊಲೋ ಸ್ಟ್ಯಾಂಡು ಮಾಡಿದ. ಮುಂದಿನ ಮಗ್ಗಲಕ್ಕ ಪ್ರೀತಿಲೆ ಎರಡು ಮೀನೂ ಕೆತ್ತಿದ್ದ.

"ಗಟ್ಟಿ ಐತಿ ಅಂತ ಹೆಂಗ ನಂಬೂದು?" ಅಂತ ಕೇಳಿದೆ. ಬಡಿಗ ಎದುರಿನ ಕಟ್ಟಿಮ್ಯಾಲ ಕುಂತಿದ್ದ ನಾಕು ಧಡೂತಿ ಮಂದೀನ ಕರದು ಸ್ಟ್ಯಾಂಡಿನ ಮ್ಯಾಲ ಕುಂಡರಿಸಿದ. ಜಪ್ಪ ಅನ್ಲಿಲ್ಲ. ಖುಷಿಯಾಗಿ ಅವರಿಗೆ ನಾನ ಚಾ ತರಿಸಿಕೊಟ್ಟೆ, ಅದ ತಪ್ಪಾತು. ಟೆಂಪೋ ಹುಡುಕಿಕೊಂಡು ತಾಸಿನ ಮ್ಯಾಲ ತಿರುಗಿ ಬಂದ್ರ ನಾಕೂ ಮಂದಿ ಅಲ್ಲೇ ಅದಾರ, ನಡುವ ಇಸ್ಪೀಟಾಟ ನಡದೈತಿ.

"ಇಳೀರೋ ಯಪ್ಪಾ, ಸಾಕು!"

ಒಬ್ಬಾವ ಎಲಿ ಒಗೀತ ಅಂದ: "ತಡೀರಿ ಸಾಹೇಬ್ರ. ಮೀನೇನ ಒಂದ ತಾಸು ಕುಂತು ಎದ್ದು ಹೊಕ್ಕಾವೇನ್ರಿ? ಟೆಸ್ಟು ಪೂರಾ ಆಗ್ಲಿ."

೪. ವಾಟ

ಬಡಿಗ ಒಂದು ಮಾತು ಕೇಳಿದ್ದ. "ರಸಮಟ್ಟಾ ತಂದು ನಿಮ್ಮ ಮನಿ ನೆಲಾ ಒಂದಸಲ ನೋಡ್ಲೇನ್ರಿ?" ರಸಮಟ್ಟ ಅಂದ್ರ ಗುಳ್ಳಿ ನೋಡಿ ಮಟ್ಟಾ ತಿಳಿಯೂ ಕೋಲು. "ನನ್ನ ಕಣ್ಣ ರಸಮಟ್ಟ," ಅಂದು ಬಂದಿದ್ದೆ.

ಸ್ಟ್ಯಾಂಡು ಇಟ್ಟು, ಪೆಟ್ಟಿಗ್ಯಾಗ ನಾಕು ಕೊಡಾ ನೀರು ಹಾಕಿದೆ. ಒಂದ ಕಡೆ ಮೂರು ಬೆರಳು ನೀರು, ಇನ್ನೊಂದು ಕಡೆ ಐದು. ಫೋನ್ ಹಚ್ಚಿ ಬಡಿಗನ್ನ ಝಾಡಿಸಿದೆ.

"ಸಾಹೇಬ್ರ, ನೆಲಕ್ಕ ಒಂದು ತಂಬಗಿ ನೀರು ಸುರವ್ರಿ," ಅಂದ ಅವ ಸಮಾಧಾನದಿಂದ.

ಸುರವಿದೆ. ನೀರು ಸೀದಾ ಬಾಗಲಕ್ಕ ಓಡಿ ನನ್ನ ಚಪ್ಪಲಿ ತೊಯಿಸ್ತು. ಆವಾಗ ನೆನಪಾತು ನೋಡ್ರಿ. ನೆಲಾ ತೊಳದ ನೀರು ಹೊರಗ ಹೋಗಲಿ ಅಂತ ನಮ್ಮ ಕಡೆ ಎಲ್ಲಾರೂ ಈಶಾನ್ಯಕ್ಕ ಒಂಚೂರು ವಾಟಾ, ಅಂದ್ರ ಇಳಕಲು, ಕೊಡತಾರ. ನಾ ಗೌಂಡಿ ತಲಿಮ್ಯಾಲ ನಿಂತು ದುಪ್ಪಟ್ಟು ಕೊಡಿಸಿದ್ದೆ.

"ಹಂಗಾರ ಬಾಗಲದ ಕಡಿ ಎರಡು ಕಾಲಿಗೆ ಎರಡು ಬೆರಳಿನ ತುಂಡು ಹಚ್ಚು," ಅಂತ ಸ್ಟ್ಯಾಂಡು ತಿರುಗಿ ಕಳಿಸಿದೆ. ಯಾವ ಎರಡು ಕಾಲು ಅಂತ ಫೋನಿನ್ಯಾಗ ಎಡಾ ಬಲಾ ಹೇಳಿದಾವನೂ ನಾನ. ಬಂತು, ಇಟ್ಟೆ, ನೀರು ಹಾಕಿದೆ. ಈಗ ಒಂದ ಕಡೆ ಎರಡು ಬೆರಳು, ಇನ್ನೊಂದು ಕಡೆ ಆರು!

ನಮ್ಮಾಕಿ ಬಗ್ಗಿ ನೋಡಿ, "ಎತ್ತರದ ಕಾಲು ಎತ್ತರದ ಕಡೆನ ಅದಾವಲ್ರಿ?" ಅಂದ್ಲು.

ತಿರುವಿ ಇಟ್ರ ಸರಿ ಆಗತಿತ್ತು. ಆದ್ರ ತಿರುವಿದ್ರ ಕೆತ್ತಿದ ಮೀನು ಗ್ವಾಡಿ ಕಡೆ ಹೊಕ್ಕಾವ. ಅದನ್ನ ಹೇಳಿದೆ.

"ಹೋಗ್ಲಿ ಬಿಡ್ರಿ," ಅಂದ್ಲು. "ಪಾಪ, ಹಲ್ಲಿಗೋಳರ ನೋಡ್ಲಿ."

೫. ನೀರಿನ ಗೆರಿ

ಮರದಿನಾ ಅಮಾಸಿ. ಕೆತ್ತಿದ ಮೀನು ಗ್ವಾಡಿಗೆ ತಿರುವಾಕ ನನಗ ಮನಸ್ಸ ಬರಲಿಲ್ಲ. ಮಾನಾ ಮರ್ಯಾದಿ ಗಂಟು ಕಟ್ಟಿಟ್ಟು ಬಡಿಗನ್ನ ಮನಿಗೆ ಕರಿಸಿದೆ. ಅವ ಆ ತುಂಡು ಕಿತ್ತು ಒಗದು, ನಾಕೂ ಕಾಲಿಗೆ ದಪ್ಪ ಬೋಲ್ಟು ಕುಂಡರಿಸಿ, ರಸಮಟ್ಟಾ ಇಟ್ಟು ಒಂದೊಂದ ತಿರುವುತ ಹೋದ. ಅರ್ಧಾ ತಾಸಿನ್ಯಾಗ ಕೆಲಸಾ ಮುಗೀತು. ಕಂಠಮಟ ನೀರು ತುಂಬಿದ್ವಿ. ನೀರಿನ ಗೆರಿ ಗಾಜಿನ ಅಂಚಿಗೆ ಹಿಡದು ಎಳದಂಗ ನೆಟ್ಟಗ ಬಂತು! ಎಂಟೂ ಮೀನು ಬಿಟ್ಟೆ. ಅವು ಅತ್ತಿಂದಿತ್ತ ಓಡ್ಯಾಡೂದು ನೋಡಿ ನನಗ ಕಣ್ಣಾಗ ನೀರ ಬಂದ್ವು.

ಕಣ್ಣು ಒರಸ್ಕೊಂಡು ಮತ್ತ ನೋಡಿದೆ. ನೀರಿನ ಗೆರಿಗೆ ಹೋಲಿಸಿದ್ರ ಪೆಟ್ಟಿಗಿ ಹಿಂದಿನ ಕಿಡಕಿ ಎಡಕ್ಕ ವಾಲಿತ್ತು. ಅದರ ಮ್ಯಾಲಿನ ಕಪಾಟು ಬಲಕ್ಕ. ದೇವರ ಮಾಡಾನೂ ಸೊಟ್ಟ. ಇಷ್ಟು ದಿನಾ ಯಾವದೂ ಕಂಡಿರಲಿಲ್ಲ. ಎಲ್ಲಾ ನಾ ನಿಂತು ಕಣ್ಣಳತಿ ಮ್ಯಾಲ ಹಿಡಿಸಿದ್ದು. ಈಗ ನಡುಮನ್ಯಾಗ ಐದು ಫೂಟಿನ ಸಾಕ್ಷಿ ನಿಂತಿತ್ತು.

ಅವತ್ತ ಸಂಜಿಕ ಹಿರೇಕೆರೂರ ಕಡಿ ರೈತನೊಬ್ಬ ಮಗಳ ಮದವಿ ಕಾರ್ಡು ಕೊಡಾಕ ಬಂದ. ಚಾ ಕುಡೀತ ನೀರು ನೋಡಿದ, ಕಿಡಕಿ ನೋಡಿದ, ಕಪಾಟು ನೋಡಿದ, ಕಡೀಕ ನನ್ನ ನೋಡಿದ.

"ಸಾಹೇಬ್ರ, ನಮ್ಮ ಹೊಲಾ ಅಳದು ಕಲ್ಲು ನೆಟ್ಟಾವ್ರು ನೀವ ಅಲ್ಲೇನ್ರಿ?"

"ಹೌದು, ನಾನ."

ಬಸಿ ಕೆಳಗಿಟ್ಟು ಎದ್ದ. "ಬಾಜೂ ಹೊಲದಾವ ಅವತ್ತಿಂದ ಯಾಕ ಅಷ್ಟು ಖುಷಿಲೆ ಅದಾನ ಅಂತ ಈಗ ತಿಳೀತ್ರಿ."

ಅವ ಹೋದಕೂಡ್ಲೆ ನಾ ಬಕೀಟು ತಂದೆ. ಈ ಸುದ್ದಿ ನಾಕು ತಾಲೂಕು ತಿರಗಿದ್ರ ನಾ ಹೊರಗ ಮಾರಿ ತೋರಸಾಕಾಗತಿತ್ತೇನು? ಮೀನು ಕೆರಿಗೆ ಬಿಟ್ಟು ಪೆಟ್ಟಿಗಿ ತಗದ್ರಾತು ಅಂತ ನೀರಾಗ ಕೈ ಹಾಕಿದೆ.

ನಮ್ಮಾಕಿ ಬಂದು ಬಕೀಟು ಕಸಗೊಂಡ್ಲು. "ಮುಟ್ಟಬ್ಯಾಡ್ರಿ! ಈ ಮನ್ಯಾಗ ನೆಟ್ಟಗ ಇರೂದು ಇದೊಂದ. ಇದನ್ನೂ ಕೆರಿಗೆ ಕಳಿಸಿ ನಿಮ್ಮ ಕೂಡ ನಾ ಒಬ್ಬಾಕಿನ ಹೆಂಗ ಇರ್ಲಿ?"