ಯಾರಿಗೂ ಬೇಡವಾದ ಅಂಚೆ ಚೀಟಿ

ಸ್ವಂತ ವಸ್ತು ಎಂದರೇನು ಎಂದು ನನ್ನನ್ನು ಯಾರಾದರೂ ಕೇಳಿದರೆ, ಮನೆಯವರು ಇನ್ನೂ ನೋಡದೆ ಇರುವ ವಸ್ತು ಎಂದು ಹೇಳುತ್ತೇನೆ. ನಮ್ಮ ಮನೆಯಲ್ಲಿ ಕೊಳ್ಳುವವರು ಒಬ್ಬರು, ಅದು ಸೇರುವುದು ಇನ್ನೊಬ್ಬರಿಗೆ. ಇದರಲ್ಲಿ ಕಳ್ಳತನವಿಲ್ಲ, ಜಬರ್ದಸ್ತಿಯೂ ಇಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಇರುವುದು ಪ್ರೀತಿ ಮಾತ್ರ, ಅದರ ಜೊತೆ ಜಗಳವಾಡಲು ಬರುವುದಿಲ್ಲ.

ನಾನು ಮೊಟ್ಟಮೊದಲು ಕೊಂಡದ್ದು ಒಂದು ರಬ್ಬರು. ಹಾವೇರಿಯಲ್ಲಿ ನಮ್ಮ ಶಾಲೆಯ ಎದುರಿನ ಪುಟ್ಟ ಅಂಗಡಿಯಲ್ಲಿ, ಗುಲಾಬಿ ಬಣ್ಣದ್ದು, ಹಣ್ಣಿನ ವಾಸನೆಯದು. ಆ ಹಣ್ಣು ಯಾವುದೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ. ಸವೆದೀತೆಂದು ಹೆದರಿ ಅದನ್ನು ಬಳಸಲೇ ಇಲ್ಲ. ತಪ್ಪಿಲ್ಲದೆ ಬರೆಯುವುದನ್ನು ಕಲಿತೆ. ಇಂದಿಗೂ ಜನ ನನ್ನನ್ನು ಅಚ್ಚುಕಟ್ಟಿನವಳು ಅನ್ನುತ್ತಾರಲ್ಲ, ಅದರ ಮೂಲ ಇಷ್ಟೆ. ಒಂದು ದಿನ ತಂಗಿ ಸ್ಮಿತಾ ಅದನ್ನು ಅರ್ಧ ತಿಂದುಬಿಟ್ಟಿದ್ದಳು. ನಾನು ಅತ್ತರೆ ಅವ್ವ, "ಸಣ್ಣಾಕಿ ಐತಿ, ತಿಂದ್ರ ತಿನ್ಲಿ ಬಿಡು. ಆಕೀ ಹೊಟ್ಟಿಗೇನಾತೋ ಅನ್ನೂದು ಬಿಟ್ಟು ರಬ್ಬರಿಗೆ ಅಳತಿಯಲ್ಲ!" ಎಂದಳು. ಅಂದಿನಿಂದ ಏನನ್ನು ಕಳೆದುಕೊಂಡರೂ ಮೊದಲು ಎದುರಿನವರ ಹೊಟ್ಟೆಯ ಬಗ್ಗೆ ವಿಚಾರಿಸುವುದು ನನಗೆ ರೂಢಿಯಾಗಿದೆ.

ಓದು ಮುಗಿದು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು, ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಮೊದಲ ಪಗಾರದಲ್ಲಿ ಓದಲೆಂದು ಒಂದು ಟೇಬಲ್ ಲ್ಯಾಂಪ್ ತಂದೆ. ಅವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ದೇವರು ಕತ್ತಲಾಗ ಕುಂತಾನ, ನೀ ಬೆಳಕಿನಾಗ ಓದ್ತಿ?" ಎಂದಳು. ಲ್ಯಾಂಪು ದೇವರ ಜಗಲಿ ಸೇರಿತು. ಆಮೇಲೆ ಬೆನ್ನಿಗೆ ಆಸರೆಯಿರುವ ಕುರ್ಚಿ ತಂದೆ. ಅಪ್ಪ ಅದರ ಮೇಲೆ ಪರೀಕ್ಷೆಗೆಂದು ಕುಳಿತರು, ಆ ಪರೀಕ್ಷೆ ಇನ್ನೂ ನಡೆದಿದೆ. ಕಾಲೇಜಿಗೆ ಚಹಾ ಒಯ್ಯಲು ಕೊಂಡ ಫ್ಲಾಸ್ಕು ನಮ್ಮ ಓಣಿಯಲ್ಲಿ ಯಾರು ಆಸ್ಪತ್ರೆ ಸೇರಿದರೂ ಗಂಜಿ ತುಂಬಿಕೊಂಡು ಹೊರಡುತ್ತದೆ. ಅದಕ್ಕೆ ಗೊತ್ತಿರುವಷ್ಟು ವಾರ್ಡುಗಳು ಹಾವೇರಿಯ ಡಾಕ್ಟರರಿಗೂ ಗೊತ್ತಿರಲಿಕ್ಕಿಲ್ಲ.

ಹೀಗಿರುವಾಗ ಕಾಲೇಜಿನ ಸ್ಟಾಫ್ ರೂಮಿನ ಬೀರು ಸ್ವಚ್ಛ ಮಾಡುವಾಗ ಒಂದು ಹಳೆಯ ಲಕೋಟೆ ಸಿಕ್ಕಿತು. ಒಳಗೆ ಏನೂ ಇರಲಿಲ್ಲ. ಮೂಲೆಯಲ್ಲಿ ಒಂದು ದೀಪಸ್ತಂಭದ ಅಂಚೆ ಚೀಟಿ. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಆ ಕಾಗದದಲ್ಲಿ ಕಡಲಿತ್ತು, ಬಂಡೆಯಿತ್ತು, ದೀಪವಿತ್ತು, ಮನುಷ್ಯರು ಮಾತ್ರ ಇರಲಿಲ್ಲ. ನೋಡುತ್ತ ನಿಂತೆ. ಆಗ ಹೊಳೆಯಿತು. ಇದರ ಮೇಲೆ ಕೂರಲು ಬರುವುದಿಲ್ಲ. ಇದರಲ್ಲಿ ಗಂಜಿ ಒಯ್ಯಲು ಬರುವುದಿಲ್ಲ. ದೇವರಿಗೂ ಇದು ಬೇಡ. ನಮ್ಮ ಮನೆಯಲ್ಲಿ ಯಾರೊಬ್ಬರೂ ಕಾಗದ ಬರೆಯುವುದಿಲ್ಲ. ಇಡೀ ಜಗತ್ತಿನಲ್ಲಿ ನನ್ನ ಮನೆಯವರಿಗೆ ಯಾವ ಉಪಯೋಗಕ್ಕೂ ಬಾರದ ವಸ್ತು ಕೊನೆಗೂ ಸಿಕ್ಕಿತ್ತು. ನನ್ನ ಹವ್ಯಾಸ ಹುಟ್ಟಿದ್ದು ಹೀಗೆ. ಕಲಾಭಿರುಚಿ ಅದು ಇದು ಎಂದು ಸುಳ್ಳು ಹೇಳಲಾರೆ.

ಹಾವೇರಿಯಲ್ಲಿ ಕೊಂಡರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆ. ಆದ್ದರಿಂದ ರಾಣೆಬೆನ್ನೂರಿನ ಅಂಚೆ ಕಚೇರಿಗೆ ಹೋದೆ. ಕಿಟಕಿಯಲ್ಲಿದ್ದ ಹೆಂಗಸು, "ಎಲ್ಲಿಗೆ ಹೋಗಬೇಕ್ರಿ ಪತ್ರ?" ಎಂದರು.

"ಎಲ್ಲಿಗೂ ಇಲ್ರಿ."

"ಮತ್ತ ಚೀಟಿ ಯಾಕ್ರಿ?"

"ಇಟ್ಕೊಳ್ಳಾಕ."

"ಇಟ್ಕೊಂಡು ಏನ್ ಮಾಡ್ತೀರಿ?"

"ನೋಡ್ತೇನಿ."

ಅವರು ನನ್ನನ್ನು ಒಂದು ಕ್ಷಣ ನೋಡಿ, ಹಿಂದೆ ಕುಳಿತಿದ್ದವರಿಗೆ ಕೂಗಿ ಹೇಳಿದರು: "ಆ ಡ್ರಾವರ್‌ನಾಗ ಚಿತ್ರದ್ದು ಅದಾವಲ್ಲ, ತಗೀರಿ. ಮೇಡಮ್ಮಾರಿಗೆ ನೋಡಾಕ ಬೇಕಂತ." ಸರದಿಯಲ್ಲಿದ್ದವರೆಲ್ಲ ತಿರುಗಿದರು. ನನಗೆ ಬೆವರು ಬಂತು. ಆದರೆ ಡ್ರಾವರಿನಿಂದ ಬಂದದ್ದು ಬೆವರಿಗೆ ತಕ್ಕ ಬೆಲೆಯೇ ಆಗಿತ್ತು. ಮಂಗಟ್ಟೆ ಹಕ್ಕಿ, ನೀಲಿ ಚಿಟ್ಟೆ, ಯಾವುದೋ ಹಳೆಯ ಸೇತುವೆ. ಹಾಳೆ ಹಾಳೆಯಾಗಿ, ಮುಟ್ಟಿಸಿಕೊಳ್ಳದೆ ಮಲಗಿದ್ದವು.

ಅವನ್ನು ಇಡಲು ಸರಿಯಾದ ಪುಸ್ತಕ ರಾಣೆಬೆನ್ನೂರಿನಲ್ಲಿ ಸಿಗಲಿಲ್ಲ. ಫೋಟೋ ಸ್ಟುಡಿಯೋದವನು ಆಲ್ಬಮ್ ಇದೆ ಎಂದು ತೆಗೆದುಕೊಟ್ಟ. ಅದರ ಮುಖದ ಮೇಲೆ ಎರಡು ಗುಲಾಬಿ, ನಡುವೆ ಒಂದು ಬಂಗಾರದ ಹೃದಯ. ಬೇರೆ ಇಲ್ಲವೇ ಎಂದರೆ, "ಆಲ್ಬಮ್ ಅಂದ್ರ ಲಗ್ನದ್ದಽ ಇರ್ತಾವ್ರಿ ಮೇಡಂ, ಮತ್ಯಾತಕ್ಕ ಬೇಕಾಗ್ತಾವ?" ಎಂದ. ಹೃದಯವನ್ನು ಕ್ಯಾಲೆಂಡರ್ ಕಾಗದದ ಹೊದಿಕೆಯಿಂದ ಮುಚ್ಚಿ ಮನೆಗೆ ತಂದೆ. ಚೀಟಿ ಎತ್ತಲು ಒಂದು ಚಿಮಟಿಗೆಯನ್ನೂ ಕೊಂಡಿದ್ದೆ. ಅದು ವಾರದೊಳಗೆ ಗಂಗಾ ಚಿಗವ್ವನ ಗದ್ದದ ಕೂದಲು ಕೀಳುವ ಸೇವೆಗೆ ಹೋಯಿತು. ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ, ಪಕ್ಕದ ಮನೆ. ನಡುವೆ ಒಂದು ಗೋಡೆಯಿದೆ ಎಂಬುದು ನಗರಸಭೆಯ ನಂಬಿಕೆ. ಚಿಮಟಿಗೆ ಹೋದರೆ ಹೋಗಲಿ, ಆಲ್ಬಮ್ ಉಳಿಯಿತು. ಆಗಾಗ ಒಂದೆರಡು ಹಾಳೆ ಸೇರುತ್ತಿದ್ದವು. ಸಂಜೆ ಬಸ್ಸಿನಲ್ಲಿ ಮೋಟೆಬೆನ್ನೂರು ದಾಟುವಾಗ, ಮನೆಯಲ್ಲಿ ಯಾರಿಗೂ ಬೇಡದ ಒಂದು ಹಕ್ಕಿ ನನಗಾಗಿ ಕಾಯುತ್ತಿದೆ ಎಂದು ನೆನೆದರೆ, ನಿಂತೇ ಪ್ರಯಾಣ ಮಾಡಿದರೂ ಕಾಲು ನೋಯುತ್ತಿರಲಿಲ್ಲ.

ಅಷ್ಟರಲ್ಲಿ ಸ್ಮಿತಾಳ ಲಗ್ನ ಗೊತ್ತಾಯಿತು. ಹುಡುಗ ಬ್ಯಾಡಗಿಯವನು, ಮೆಣಸಿನಕಾಯಿ ವ್ಯಾಪಾರದ ಮನೆ. ಅವರು ಮಾತುಕತೆಗೆ ಬಂದಾಗ ಇಡೀ ಮನೆ ಸಣ್ಣಗೆ ಸೀನಿತು. ಅದನ್ನು ಶುಭ ಎಂದೇ ಹಿರಿಯರು ತೀರ್ಮಾನಿಸಿದರು. ಸ್ಮಿತಾ ಒಪ್ಪಿದ್ದಳು, ನನಗೂ ಅವನು ಒಳ್ಳೆಯವನೆನಿಸಿದ್ದ. ತೊಂದರೆ ಇದ್ದದ್ದು ನನ್ನ ಮುಖದಲ್ಲಿ. ಅದು ಹುಟ್ಟಿನಿಂದಲೂ ಈಗಷ್ಟೇ ಕೆಟ್ಟ ಸುದ್ದಿ ಕೇಳಿದಂತಿದೆ. ಬೇರೆ ದಿನಗಳಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಈಗ "ದೊಡ್ಡಾಕಿ ಇರಬೇಕಾದ್ರ ಸಣ್ಣಾಕೀ ಲಗ್ನಾನಾ?" ಎಂದು ಕೇಳಿದವರೆಲ್ಲ ತಿರುಗಿ ನನ್ನ ಮುಖ ನೋಡುತ್ತಿದ್ದರು, ಉತ್ತರ ಅಲ್ಲಿ ಬರೆದಿಟ್ಟಂತೆ. ನನಗೆ ಬೇಜಾರಿಲ್ಲ ಎಂದು ಒಮ್ಮೆ ಹೇಳಿದೆ. ಅವ್ವ ಅಡುಗೆಮನೆಗೆ ಹೋಗಿ ಅತ್ತಳು. ಮತ್ತೆ ಹೇಳಲಿಲ್ಲ, ಆಗಲೂ ಅತ್ತಳು. ನಾನು ಒಂದು ರೊಟ್ಟಿ ಕಡಿಮೆ ತಿಂದರೆ ಅವಳ ಕಣ್ಣು ತುಂಬುತ್ತಿತ್ತು. ಒಂದು ಹೆಚ್ಚು ತಿಂದರೆ, ದುಃಖ ನುಂಗುತ್ತಿದ್ದಾಳೆ ಎಂದು ಚಿಗವ್ವ ಅರ್ಥ ಹೇಳುತ್ತಿದ್ದಳು.

ಅದೊಂದು ಸಂಜೆ ಕಾಲೇಜಿನಿಂದ ಬಂದೆ. ಪಡಸಾಲೆಯಲ್ಲಿ ಲಗ್ನಪತ್ರಿಕೆಗಳ ರಾಶಿ. ಹಾವೇರಿಯವರಿಗೆ ಮನೆಗೇ ಹೋಗಿ ಕುಂಕುಮವಿಟ್ಟು ಕೊಡಬೇಕು; ಪರವೂರ ಬಂಧುಗಳಿಗೆ ಅಂಚೆಯಲ್ಲಿ. ಫೋನಿನಲ್ಲಿ ಕಳಿಸಿದರೆ ಕರೆದದ್ದಲ್ಲ, ತಿಳಿಸಿದ್ದು ಎಂದು ಮುಖ ಉಬ್ಬಿಸುತ್ತಾರೆ. ಅವ್ವ ಒಂದೊಂದು ಪತ್ರಿಕೆಯ ನಾಲ್ಕೂ ಮೂಲೆಗೆ ಅರಿಸಿನ ಹಚ್ಚುತ್ತಿದ್ದಳು. ಅಪ್ಪ ನನ್ನ ಕುರ್ಚಿಯ ಮೇಲೆ ಕುಳಿತು ವಿಳಾಸ ಬರೆಯುತ್ತಿದ್ದರು. ಚಿಗವ್ವನ ತೊಡೆಯ ಮೇಲೆ ನನ್ನ ಆಲ್ಬಮ್ಮು, ಹೊದಿಕೆ ಕಳಚಿ, ಬಂಗಾರದ ಹೃದಯ ಹೊರಗೆ ತೋರಿಸಿಕೊಂಡು ತೆರೆದಿತ್ತು. ಊರಿನ ಮಾತೆಲ್ಲ ಆಡಿಯೂ ದಣಿಯದ ಆ ನಾಲಿಗೆ ಹೊರಬಂದು, ಮಂಗಟ್ಟೆಯ ಬೆನ್ನನ್ನು ನೆಕ್ಕಿತು, ಮುಷ್ಟಿ ಅದನ್ನು ಲಕೋಟೆಗೆ ಒತ್ತಿತು. ಗುದ್ದಿತು ಎಂದರೂ ಸರಿಯೇ.

ನಾನು ಬಾಗಿಲಲ್ಲೇ ನಿಂತೆ. ಅವ್ವ ಅರಿಸಿನದ ಕೈಯಿಂದಲೇ ನನ್ನ ಕೈ ಹಿಡಿದಳು. "ಬಾರವ್ವಾ, ನನ್ನ ಬಂಗಾರ! ಅಂಚೀ ಚೀಟಿ ತರೂದು ನಿಮ್ಮಪ್ಪಗ ಮರ್ತಽ ಹೋಗಿತ್ತು ನೋಡು. ನಿನ್ನ ಕಪಾಟಿನಾಗ ಚಾದರ ಹುಡಕಾಕ ಹೋದ್ರ ಇದು ಸಿಕ್ತು. ತಂಗಿ ಲಗ್ನಕ್ಕಂತ ಯಾವಾಗಿಂದ ಕೂಡಿಸಿ ಇಟ್ಟೀದಿ, ಒಂದು ಮಾತರೆ ಅಂದಿಯೇನು?"

"ಲಗ್ನದ ಆಲ್ಬಮ್ಮಿನಾಗಽ ಇಟ್ಟಾಳ, ನೋಡವಾ," ಎಂದಳು ಚಿಗವ್ವ, ಚಿಟ್ಟೆಯೊಂದನ್ನು ನಾಲಿಗೆಯ ಮೇಲಿಟ್ಟುಕೊಳ್ಳುತ್ತ. "ನಾ ಏನೇನೋ ತಿಳ್ಕೊಂಡಿದ್ದೆ ಈಕೀ ಬಗ್ಗೆ. ಹೊಟ್ಟಿಕಿಚ್ಚು ಐತಿ ಅಂತ ಕರ್ಜಗಿ ದೊಡ್ಡವ್ವನ ಮುಂದ ಅಂದೂ ಬಿಟ್ಟಿದ್ದೆ. ತಪ್ಪಾತು ತಾಯಿ."

ಸ್ಮಿತಾ ಎದ್ದು ಬಂದು ನನ್ನ ಭುಜಕ್ಕೆ ಹಣೆಯಿಟ್ಟು, "ಅಕ್ಕಾ, ನಿನಗ ಸಿಟ್ಟು ಬಂದೈತಿ ಅಂತ ನನಗ ನಿದ್ದಿಽ ಹತ್ತಿದ್ದಿಲ್ಲ," ಎಂದಳು.

ಈಗ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಇವು ನನ್ನವು, ನಿನ್ನ ಲಗ್ನಕ್ಕೆ ತಂದದ್ದಲ್ಲ ಎಂಬ ಒಂದೇ ವಾಕ್ಯ ಸತ್ಯವಾಗಿತ್ತು. ಆದರೆ ಆ ಸತ್ಯಕ್ಕೆ ಆ ಪಡಸಾಲೆಯಲ್ಲಿ ಅರ್ಥ ಒಂದೇ. ಹಕ್ಕಿಗಳನ್ನು ಉಳಿಸಿಕೊಂಡರೆ ಹೊಟ್ಟೆಕಿಚ್ಚಿನವಳಾಗುತ್ತಿದ್ದೆ, ತಂಗಿ ಅಳುತ್ತ ಹಸೆ ಏರುತ್ತಿದ್ದಳು. ಕೊಟ್ಟರೆ ದೇವತೆಯಾಗುತ್ತಿದ್ದೆ, ಮತ್ತು ಅಂಥವರ ಕಪಾಟಿಗೆ ಯಾರು ಬೇಕಾದರೂ ಕೈ ಹಾಕಬಹುದು. ನಾನು "ಹೌದು" ಎಂದೆ. ಬಾಯಿಬಿಟ್ಟು ಏನನ್ನೂ ಹೇಳದ ನನ್ನ ಸ್ವಭಾವವನ್ನು ಅಂದು ಮೊದಲ ಬಾರಿ ಎಲ್ಲರೂ ಹೊಗಳಿದರು. ಅವ್ವ ಅಂದು ಅಳಲಿಲ್ಲ. ಬಹಳ ದಿನಗಳ ಮೇಲೆ ನಕ್ಕು, ನನಗೂ ಒಂದು ಚೀಟಿ ಹಚ್ಚಲು ಕೊಟ್ಟಳು. ಅದು ದೀಪಸ್ತಂಭ. ಹಳೆಯ ಲಕೋಟೆಯಿಂದ ನೀರಲ್ಲಿ ನೆನೆಸಿ ನಾಜೂಕಾಗಿ ಬಿಡಿಸಿಕೊಂಡದ್ದು, ಮೊದಲೇ ಮುದ್ರೆ ಬಿದ್ದದ್ದು. ಇದು ನಡೆಯುವುದಿಲ್ಲ ಎಂದೆ. "ಹೌದಾ? ಹಂಗಾರ ಒಗದುಬಿಡು," ಎಂದಳು ಅವ್ವ. ಕೆಲಸಕ್ಕೆ ಬಾರದ್ದೆಂದು ಅದೊಂದು ನನಗೆ ಉಳಿಯಿತು.

ಲಗ್ನ ಚೆನ್ನಾಗಿ ಆಯಿತು. ದೇವರಗುಡ್ಡದಿಂದ ಬಂದ ಹಿರಿಯರೊಬ್ಬರು, "ಹಕ್ಕಿ ಭಾಳ ಚಂದಿತ್ತವಾ, ಆದ್ರ ಹುಡುಗನ ಹೆಸರು ಸಣ್ಣಕ್ಷರದಾಗ ಆಗಿತ್ತು," ಎಂದರು. ಕರ್ಜಗಿಯ ದೊಡ್ಡವ್ವ, ಚಿಟ್ಟೆಯನ್ನು ಮೊಮ್ಮಗಳು ಕಿತ್ತು ಕೈಗೆ ಅಂಟಿಸಿಕೊಂಡು ಜಳಕ ಮಾಡಿದಳೆಂದು ಹೇಳಿ ಬಹಳ ನಕ್ಕಳು. ನನಗೂ ನಗಬೇಕಾಯಿತು. ನನ್ನ ಮುಖ ಮಾತ್ರ ತನ್ನ ಸ್ವಭಾವ ಬಿಡಲಿಲ್ಲ. ತಂಗಿ ಹೊರಟಳೆಂದು ದುಃಖವಾಗಿದೆ ಎಂದು ಎಲ್ಲರೂ ಸಮಾಧಾನ ಹೇಳಿದರು.

ಸ್ಮಿತಾ ಬ್ಯಾಡಗಿಗೆ ಹೋದ ಮೇಲೆ ಒಂದು ದಿನ ಅವ್ವ ತಾನೇ ಅಂಚೆ ಕಚೇರಿಗೆ ಹೋಗಿ ಬಂದಳು. ಕೈಯಲ್ಲಿ ಒಂದು ಕಟ್ಟು ಚೀಟಿ. ಎಲ್ಲವೂ ಒಂದೇ ಬಗೆ, ದಿನಬಳಕೆಯವು, ಹಕ್ಕಿಯಿಲ್ಲ, ಕಡಲಿಲ್ಲ. "ಆಕೀದಕ್ಕ ನಿನ್ನವೆಲ್ಲ ಖರ್ಚಾದುವಲ್ಲ. ಇವು ನಿನ್ನ ಲಗ್ನಕ್ಕ ಇರ್ಲಿ," ಎಂದು ನನ್ನ ಆಲ್ಬಮ್ಮಿನಲ್ಲಿ ಸೇರಿಸಿ, ಅಟ್ಟದ ಮೇಲಿನ ಟ್ರಂಕಿನಲ್ಲಿಟ್ಟಳು.

ಆ ಟ್ರಂಕಿನ ಬಗ್ಗೆ ಹೇಳಬೇಕು. ನಾನು ಕಾಲೇಜಿಗೆ ಓದಲು ಸೇರಿದಾಗಿನಿಂದ ಅದರಲ್ಲಿ ನನ್ನ ಲಗ್ನದ ಸಾಮಾನು ಕೂಡುತ್ತಿದೆ. ಸುದ್ದಿಪತ್ರಿಕೆಯಲ್ಲಿ ಸುತ್ತಿದ ಪರಾತ, ತಾಟು, ವಾಟಗದಂಥ ಪಾತ್ರೆಗಳು, ಎರಡು ಇಳಕಲ್ ಸೀರೆ. ಮನೆ ತುಂಬ ಬೀಗರು ಕುಳಿತು ಒಂದು ತಾಟು ಕಡಿಮೆ ಬಿದ್ದರೂ ಅವ್ವ ಚಿಗವ್ವನ ಮನೆಯಿಂದ ತಂದಾಳೇ ಹೊರತು ಅದನ್ನು ತೆಗೆಯುವುದಿಲ್ಲ. ಸ್ಮಿತಾಳ ಲಗ್ನದಲ್ಲೂ ತೆಗೆಯಲಿಲ್ಲ. "ಅದು ದೊಡ್ಡಾಕೀದು" ಎಂದರೆ ಮುಗಿಯಿತು, ಅಪ್ಪನೂ ಮುಟ್ಟುವುದಿಲ್ಲ. ಇಷ್ಟು ವರ್ಷ ಕಪಾಟು, ಹೊದಿಕೆ, ಬಾಗಿಲು ಎಂದು ಪರದಾಡಿದೆ. ಈ ಮನೆಯಲ್ಲಿ ನನ್ನದೆಂದು ಇರುವುದೆಲ್ಲ ಇನ್ನೂ ಆಗದ ನನ್ನ ಲಗ್ನದ ಹೆಸರಿನಲ್ಲಿದೆ ಎಂಬುದು ಪದವಿಗಳನ್ನು ಪಡೆದ ಈ ತಲೆಗೆ ಹೊಳೆದಿರಲಿಲ್ಲ.

ಈಗ ಮತ್ತೆ ರಾಣೆಬೆನ್ನೂರಿನ ಕಿಟಕಿಗೆ ಹೋಗುತ್ತೇನೆ. ತಂದದ್ದನ್ನು ಬಚ್ಚಿಡುವುದಿಲ್ಲ, ಅವ್ವನಿಗೆ ತೋರಿಸಿಯೇ ಟ್ರಂಕಿಗೆ ಹಾಕುತ್ತೇನೆ. ಅವ್ವ ಇದನ್ನು ಒಳ್ಳೆಯ ಲಕ್ಷಣವೆಂದು ತಿಳಿದು ವರಗಳನ್ನು ಹುಡುಕುವ ವೇಗ ಹೆಚ್ಚಿಸಿದ್ದಾಳೆ. ಕಳೆದ ವಾರ ಬಂದವನು ಕೆಟ್ಟವನೇನಲ್ಲ. ಏನು ಹವ್ಯಾಸ ಎಂದು ಕೇಳಿದ. ಏನೂ ಇಲ್ಲ ಎಂದೆ. ಮನೆಯವನಾಗಬಹುದಾದವನಿಗೆ ಚೀಟಿಗಳ ಸುದ್ದಿ ಹೇಳಬಾರದು. ನಿಮಗೇನು ಹವ್ಯಾಸ ಎಂದೆ. ಅವನೂ ತುಸು ತಡೆದು, ಏನೂ ಇಲ್ಲ ಎಂದ. ಎಲ್ಲೋ ಏನನ್ನೋ ಬಚ್ಚಿಟ್ಟಿದ್ದಾನೆ ಎನ್ನಿಸಿ ಮೊದಲ ಬಾರಿಗೆ ಒಬ್ಬನ ಮೇಲೆ ಮನಸ್ಸು ಮೃದುವಾಯಿತು. ಅಷ್ಟರಲ್ಲಿ ಅವನ ತಾಯಿ, "ನಮ್ಮ ಹುಡುಗಗ ಮುಚ್ಚುಮರಿ ಅನ್ನೂದಽ ಗೊತ್ತಿಲ್ರಿ, ಅವನ ಕಪಾಟಿನ ಕೀಲಿಕೈ ನನ್ನ ಕಡೀನಽ ಇರ್ತೈತಿ," ಎಂದರು.

ಒಲ್ಲೆ ಎಂದು ಹೇಳಿದೆ. ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನಾನು ಚಿಟ್ಟೆಗಳ ಒಂದು ಹೊಸ ಹಾಳೆ ತಂದು, "ಲಗ್ನಕ್ಕ" ಎಂದೆ. ಅವಳ ಮುಖ ಅರಳಿತು. ಅರಿಸಿನವಿಲ್ಲದ ಕೈಯಿಂದ ಹಾಳೆಯನ್ನು ಹಗುರವಾಗಿ ಹಿಡಿದು, ತಿರುವಿ ನೋಡಿ, ಟ್ರಂಕಿನಲ್ಲಿಡುತ್ತ ಹೇಳಿದಳು:

"ಇಷ್ಟಽ ಸಾಲಂಗಿಲ್ಲ. ಇನ್ನಷ್ಟು ತಂದಿಡು ನನ್ನವ್ವಾ, ನಿನ್ನ ಲಗ್ನಕ್ಕ ಮಂದಿ ಭಾಳ ಬರ್ತಾರ."

ತರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.