ಕುಳ್ಳ ಚಕ್ರ, ಠೊಣಪ ಟಯರು

"ಈ ಸಲ ಈಸ್ಟರ್ ಸೋಮವಾರ ಬೆಟ್ಟದಿಂದ ಮೊದಲು ಇಳಿದು ಬರೋ ಸೈಕಲ್ಲು ನನ್ನದೇ! ಇಲ್ಲದಿದ್ರೆ ನನ್ನ ಹೆಸರು ಸ್ರೆಚ್ಕೊ ಅಲ್ಲ!"

ಹೀಗೆಂದು ಅಡುಗೆಮನೆಯ ನಟ್ಟನಡುವೆ ನಿಂತು ಘೋಷಿಸಿದವನಿಗೆ ವಯಸ್ಸು ನಲವತ್ತೇಳು, ಹೊಟ್ಟೆಯೂ ವಯಸ್ಸಿಗೆ ತಕ್ಕಷ್ಟು. ಕೊರೋಷ್ಕ ಎಂಬ ಬೆಟ್ಟಸೀಮೆಯ ಕಣಿವೆಯೊಂದರ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ. ಈಸ್ಟರ್ ಮಾರನೆಯ ದಿನ ಊರಿನ ಸೈಕಲ್ ಗೆಳೆಯರೆಲ್ಲ ಬೆಟ್ಟ ಹತ್ತಿ ಇಳಿಯುವುದು ವಾಡಿಕೆ. ಅದರಲ್ಲಿ ಈತ ಕೊನೆಯಿಂದ ಮೊದಲನೆಯವನಾಗುವುದೂ ವಾಡಿಕೆ. ತಪ್ಪು ತನ್ನದಲ್ಲ, ಹಿಂದಿನ ಚಕ್ರದ್ದು ಎಂದು ಈ ಚಳಿಗಾಲದಲ್ಲಿ ಅವನಿಗೆ ಜ್ಞಾನೋದಯವಾಗಿತ್ತು.

"ಕೇಳೇ ದಾರಿಂಕಾ, ಮುಂದೆ ದೊಡ್ಡ ಚಕ್ರ ಹಾಗೇ ಇರುತ್ತೆ. ಹಿಂದೆ ಮಾತ್ರ ಒಂದು ಅಳತೆ ಚಿಕ್ಕದು, ಅದಕ್ಕೆ ಅಗಲವಾದ ಟಯರು. ಮುಂದಿನದು ಬಂಡೆ ಹತ್ತುತ್ತೆ, ಹಿಂದಿನದು ತಿರುವಿನಲ್ಲಿ ನೆಲ ಕಚ್ಚಿ ಹಿಡಿಯುತ್ತೆ!"

"ಅಂದ್ರೆ ಟ್ರ್ಯಾಕ್ಟರನ್ನ ಹಿಂದುಮುಂದು ಮಾಡಿದ ಹಾಗೆ" ಎಂದಳು ಹೆಂಡತಿ.

"ನಿನಗೆ ವಿಜ್ಞಾನ ಅರ್ಥ ಆಗಲ್ಲ ಬಿಡು."

"ಪುರುಸೊತ್ತೂ ಇಲ್ಲ ಕಣ್ರೀ. ಎರಡು ಗಂಟೆಗೆ ಬುಟ್ಟಿ ಚರ್ಚಿಗೆ ಹೋಗಬೇಕು. ಆ ಮೇಜಿನ ಹತ್ತಿರ ಸುಳಿದ್ರೆ ನೋಡಿ ಮತ್ತೆ!"

ಅಂದು ಈಸ್ಟರಿನ ಹಿಂದಿನ ಶನಿವಾರ. ಪಾದ್ರಿಗಳಿಂದ ಆಶೀರ್ವಾದ ಮಾಡಿಸಿಕೊಂಡು ಬರಬೇಕಾದ ಬುಟ್ಟಿ ಮೇಜಿನ ಮೇಲೆ ಸಿದ್ಧವಾಗಿತ್ತು. ಹೊಗೆಯಲ್ಲಿ ಒಣಗಿಸಿದ ಹಂದಿಯ ತೊಡೆ, ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಕೆಂಪಾಗಿಸಿದ ಮೊಟ್ಟೆ, ಮೂಗು ಹಾರಿಹೋಗುವಂಥ ಖಾರದ ಹ್ರೆನ್ ಬೇರು. ನಡುವೆ ಮಹಾರಾಣಿಯಂತೆ ಪೊತೀತ್ಸ, ಅಂದರೆ ಅಕ್ರೋಟಿನ ಹೂರಣ ಸುತ್ತಿ, ಬಳೆಯಾಕಾರದಲ್ಲಿ ಬೇಯಿಸಿದ ಹಬ್ಬದ ರೊಟ್ಟಿ.

ಈ ಪೊತೀತ್ಸ ಸಾಮಾನ್ಯದ್ದಲ್ಲ. ದಾರಿಂಕಾ ಸೊಸೆಯಾಗಿ ಬಂದು ಹದಿನೆಂಟು ವರ್ಷವಾದರೂ ಹಬ್ಬದ ಲಟ್ಟಣಿಗೆ ಅತ್ತೆ ಪಾವ್ಲಾಳ ಕೈಬಿಟ್ಟಿರಲಿಲ್ಲ. ಈ ವರ್ಷ ಮಂಡಿನೋವು ಜಾಸ್ತಿಯಾಗಿ, "ಈ ಸಲ ನೀನೇ ಮಾಡಮ್ಮ, ನೋಡೋಣ" ಎಂದಿದ್ದಳು. ಆ 'ನೋಡೋಣ' ಎಂಬ ಒಂದು ಮಾತಿಗೆ ದಾರಿಂಕಾ ವಾರವಿಡೀ ಸರಿಯಾಗಿ ಊಟ ಮಾಡಿರಲಿಲ್ಲ.

ಅವಳು ಬುಟ್ಟಿಗೆ ಹೊದಿಸುವ ಕಸೂತಿ ಬಟ್ಟೆಗೆ ಇಸ್ತ್ರಿ ಹಾಕಲು ಒಳಗೆ ಹೋದಳೋ ಇಲ್ಲವೋ, ನಮ್ಮ ವೀರ ಚಕ್ರ, ಗಾಳಿ ತುಂಬುವ ಕಂಪ್ರೆಸರ್ ಸಮೇತ ಅಡುಗೆಮನೆಗೆ ಮರಳಿದ. ಕೊಟ್ಟಿಗೆಯಲ್ಲಿ ಚಳಿ, ಅಲ್ಲಿ ಟಯರು ಮರದ ಹಾಗೆ ಸೆಟೆದುಕೊಂಡಿತ್ತು. ಒಲೆಯ ಪಕ್ಕ ಬೆಚ್ಚಗೆ ಮಾಡಿದರೆ ಮೆತ್ತಗಾಗುತ್ತದೆ ಎಂಬುದು ಲೆಕ್ಕಾಚಾರ. ಮೆತ್ತಗಾಯಿತು ಕೂಡ! ಟ್ಯೂಬಿಲ್ಲದ ಟಯರು, ಮುಳ್ಳು ಚುಚ್ಚಿದರೆ ತೂತು ಮುಚ್ಚಿಕೊಳ್ಳಲೆಂದು ಒಳಗೆ ಬಿಳೀ ರಬ್ಬರ್ ಹಾಲು ಸುರಿಯಬೇಕು. ಒಂದು ಲೋಟ ಸಾಕು ಎಂದು ಸೀಸೆಯ ಮೇಲೆ ಬರೆದಿತ್ತು. ಟಯರು ಠೊಣಪ ಅಲ್ಲವೇ, ಎರಡು ಸುರಿದ. ಗಾಳಿ ಇಷ್ಟೇ ಎಂದು ಟಯರಿನ ಮೇಲೆಯೇ ಬರೆದಿತ್ತು. ಅದು ಕಲಿಯುವವರಿಗೆ ಎಂದುಕೊಂಡು ಕಂಪ್ರೆಸರ್ ಒತ್ತಿಯೇ ಒತ್ತಿದ.

ಢಮಾರ್!

ಟಯರು ರಿಮ್ಮು ಬಿಟ್ಟು ಹಾರಿತು. ಎರಡು ಲೋಟ ರಬ್ಬರ್ ಹಾಲು ಗೋಡೆಗೆ, ಗಡಿಯಾರಕ್ಕೆ, ಸ್ರೆಚ್ಕೊನ ಹುಬ್ಬಿಗೆ, ಉಳಿದದ್ದೆಲ್ಲ ನೇರವಾಗಿ ಬುಟ್ಟಿಗೆ!

"ಏನ್ರೀ ಅದು?" ಒಳಗಿನಿಂದ ಕೂಗು ಬಂತು.

"ಏನಿಲ್ಲ! ಟಯರು ರಿಮ್ಮಿಗೆ ಕೂತ್ಕೊಂತು!"

ಚಕ್ರ ಹೊರಗೆ ಸಾಗಿಸಿದ, ಗೋಡೆ, ಗಡಿಯಾರ, ಹುಬ್ಬು ಉಜ್ಜಿದ, ಮೊಟ್ಟೆ ತೊಳೆದ, ಮಾಂಸ ಒರೆಸಿದ. ಪೊತೀತ್ಸ ಮಾತ್ರ ಅಷ್ಟು ಹೊತ್ತಿಗೆ ಹಾಲು ಕುಡಿದು ಮೇಲೊಂದು ಬಿಳೀ ಪೊರೆ ಕಟ್ಟಿಕೊಂಡಿತ್ತು. ಹೊಸದು ಮಾಡಲು ಅರ್ಧ ದಿನ ಬೇಕು, ಉಳಿದಿರುವುದು ಅರ್ಧ ಗಂಟೆ. ನಿಜ ಹೇಳುವ ಧೈರ್ಯವಂತೂ ಅವನ ವಂಶದಲ್ಲೇ ಇರಲಿಲ್ಲ. ಸಕ್ಕರೆ ಪುಡಿಯ ಡಬ್ಬ ಕಣ್ಣಿಗೆ ಬಿತ್ತು. ಧಾರಾಳವಾಗಿ ಉದುರಿಸಿದ.

"ಸಕ್ಕರೆ ಯಾರು ಹಾಕಿದ್ದು?" ದಾರಿಂಕಾ ಬಾಗಿಲಲ್ಲಿ ನಿಂತಿದ್ದಳು.

"ಅಲಂಕಾರಕ್ಕೆ, ನಾನೇ."

"ಹದಿನೆಂಟು ವರ್ಷದಲ್ಲಿ ಒಂದು ಲೋಟ ತೊಳೆದಿಲ್ಲ, ಈಗ ಅಲಂಕಾರ! ಇದೇನು ಘಾಟು?"

"ಹ್ರೆನ್ ಕಣೇ, ಹ್ರೆನ್!"

ಹೊತ್ತಾಗಿತ್ತು. ಅವಳು ಬಟ್ಟೆ ಹೊದಿಸಿ, ಬುಟ್ಟಿ ಎತ್ತಿಕೊಂಡು ನಡೆದೇಬಿಟ್ಟಳು. ಪಾದ್ರಿಗಳು ಪುಣ್ಯಜಲ ಚಿಮುಕಿಸಿ ಆಶೀರ್ವದಿಸಿದರು. ಅಲ್ಲಿಗೆ ಸ್ರೆಚ್ಕೊನ ಕತೆ ಮುಗಿಯಿತು ಎನ್ನಿ. ಆಶೀರ್ವಾದವಾದ ತಿನಿಸಿನ ಒಂದು ಚೂರನ್ನೂ ಆ ಊರಲ್ಲಿ ಎಸೆಯುವ ಹಾಗಿಲ್ಲ, ಈಸ್ಟರ್ ಬೆಳಿಗ್ಗೆವರೆಗೆ ಮುಟ್ಟುವ ಹಾಗೂ ಇಲ್ಲ. ಬುಟ್ಟಿ ಸೀದಾ ಪಾವ್ಲಾಳ ಕೋಣೆ ಸೇರಿತು.

ಸಂಜೆ ಅಂಗಳದಲ್ಲಿ, ಬರೆದಷ್ಟೇ ಗಾಳಿ ತುಂಬಿದಾಗ, ಟಯರು ತೆಪ್ಪಗೆ ಕೂತಿತು. ಸ್ರೆಚ್ಕೊ ಏರಿ ಹೊರಟ. ಹಿಂಭಾಗ ತಗ್ಗಿದ್ದರಿಂದ ಪೆಡಲುಗಳೂ ತಗ್ಗಿದ್ದವು. ದಾರಿಯ ಕಲ್ಲುಗಳನ್ನೆಲ್ಲ ಒಂದೊಂದಾಗಿ ಮಾತಾಡಿಸಿಕೊಂಡು ಹೋದವು. ಠೊಣಪ ಟಯರು ಚೌಕಟ್ಟಿಗೆ ಉಜ್ಜಿಕೊಂಡು ದಾರಿಯುದ್ದಕ್ಕೂ ಗೊಣಗಿತು. ಗೇಟಿನ ಮೆಟ್ಟಿಲಿಗೆ ಪೆಡಲು ಬಡಿದು ಅವನು ಕೋಳಿಗೂಡಿನ ಮೇಲೆ ಬಿದ್ದ. ಆ ನೋವು ನೋವೇ ಅನ್ನಿಸಲಿಲ್ಲ, ಮನಸ್ಸೆಲ್ಲ ಅಮ್ಮನ ಕೋಣೆಯ ಬುಟ್ಟಿಯಲ್ಲಿತ್ತು.

ಈಸ್ಟರ್ ಬೆಳಿಗ್ಗೆ ಮೂವರೂ ಮೇಜಿಗೆ ಕೂತರು. ಪಾವ್ಲಾ ಶಿಲುಬೆಯ ಗುರುತು ಮಾಡಿ ಚಾಕು ಹಿಡಿದಳು. ಚಾಕು ಕೆಳಗೆ ಹೋಯಿತು, ಬಿಳೀ ಪೊರೆಯೂ ಜೊತೆಗೇ ಹೋಯಿತು. ಚಾಕು ಮೇಲೆ ಬಂತು, ಪೊರೆಯೂ ಜೊತೆಗೇ ಬಂತು!

"ದಾರಿಂಕಾ, ಇದಕ್ಕೇನು ಹಾಕಿದೀಯಮ್ಮ?"

"ಹಿಟ್ಟು, ಬೆಣ್ಣೆ, ಅಕ್ರೋಟು... ನೀವು ಹೇಳಿದ್ದೇ ಅತ್ತೆ."

"ನಾನು ಹೇಳಿದ್ದು ಹೀಗೆ ಜಗ್ಗಾಡ್ತಿರಲಿಲ್ಲ. ನನ್ನ ಮಂಡಿ ಹಾಳಾಗಿ ಹೋಗ್ಲಿ, ಮುಂದಿನ ವರ್ಷ ನಾನೇ ಮಾಡ್ತೀನಿ."

ದಾರಿಂಕಾಳ ಕಣ್ಣು ತುಂಬಿ ಬಂತು. ತಟ್ಟೆ ನೋಡುತ್ತ ಕೂತುಬಿಟ್ಟಳು. ಸ್ರೆಚ್ಕೊ ಕೈಲಿದ್ದ ಮೊಟ್ಟೆ ಕೆಳಗಿಟ್ಟ. ಬಾಯಿ ಮುಚ್ಚಿಕೊಂಡಿದ್ದರೆ ತಾನು ಬಚಾವು, ಆದರೆ ಹೆಂಡತಿಗೆ ಈ ಮಾತು ಜೀವಮಾನವಿಡೀ ತಪ್ಪುವುದಿಲ್ಲ.

"ಅಮ್ಮ, ಅದು ಅವಳು ಹಾಕಿದ್ದಲ್ಲ. ನಾನು. ಟಯರಿನ ಹಾಲು."

"ಯಾವ ಹಸುದೋ ಅದು?"

"ಸೈಕಲ್ಲಿಂದು." ಚಕ್ರ, ಒಲೆ, ಕಂಪ್ರೆಸರ್, ಸಕ್ಕರೆ ಪುಡಿ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡ.

ದಾರಿಂಕಾಳ ನೋಟದಲ್ಲಿ ಅವನ ಮುಂದಿನ ಆರು ತಿಂಗಳ ಭವಿಷ್ಯ ಸ್ಪಷ್ಟವಾಗಿ ಕಾಣುತ್ತಿತ್ತು. ಪಾವ್ಲಾ ಬೆರಳು ದಪ್ಪಕ್ಕೆ ಮೇಲಿನ ಸಿಪ್ಪೆಯನ್ನೆಲ್ಲ ಕೆತ್ತಿ ತೆಗೆದಳು. ಆಶೀರ್ವಾದವಾದದ್ದು, ಕಸಕ್ಕೆ ಹಾಕುವಂತಿಲ್ಲ, ಬೆಂಕಿಗೆ ಒಪ್ಪಿಸಬಹುದು ಅಷ್ಟೆ. ಎದ್ದು ಒಲೆಗೆ ಹಾಕಿದಳು. ಹಬ್ಬದ ಮನೆಯಲ್ಲಿ ಟಯರು ಸುಟ್ಟ ನಾತ ಗಮ್ಮೆಂದಿತು. ಆಮೇಲೆ ಒಳಗಿನ ತಿರುಳಿನಿಂದ ಒಂದು ಹೋಳು ಕೊಯ್ದು, ಮೂಸಿ, ಬಾಯಿಗಿಟ್ಟು, ನಿಧಾನವಾಗಿ ಅಗಿದಳು. ದಾರಿಂಕಾ ಕಣ್ಣೊರೆಸಿಕೊಂಡು ಅತ್ತೆಯ ಮುಖವನ್ನೇ ನೋಡಿದಳು.

ಪಾವ್ಲಾ ಇನ್ನೊಂದು ಹೋಳು ಕೊಯ್ದು ಸೊಸೆಯ ತಟ್ಟೆಗೆ ಹಾಕಿದಳು.

"ಅಳಬೇಡ ಕಣಮ್ಮ. ನೀನು ಮೊದಲನೇ ಸಲ ಮಾಡಿದ್ದು ಇಷ್ಟು ಚೆನ್ನಾಗಿ ಬಂದಿದೆ. ನಾನು ಮೊದಲನೇ ಸಲ ಮಾಡಿದ್ದು, ಅಗೋ, ಎದುರಿಗೇ ಕೂತಿದೆ ನೋಡು!"