ಹೆಂಚಿಗಾಗಿ ದಡ್ಡರಾದವರು

ಸಿ.ಆರ್.ಪಿ. ಅಂತ, ಅಂದರೆ ಶಾಲೆಗಳ ಸಂಪನ್ಮೂಲ ವ್ಯಕ್ತಿಯಾಗಿ, ಕಡೂರು, ತರೀಕೆರೆ, ಅಜ್ಜಂಪುರದ ಪ್ರಾಥಮಿಕ ಶಾಲೆಗಳನ್ನು ಬೈಕಿನಲ್ಲಿ ಸುತ್ತಿ, ಮಕ್ಕಳ ಕಲಿಕೆ ನೋಡಿ ವರದಿ ಬರೆದವನು ನಾನು. ನಗುವ ಸಂಗತಿಯನ್ನು ನಾನಾಗಿ ಹುಡುಕಿದ್ದಿಲ್ಲ. ಹಿಂದುಳಿದ ಶಾಲೆಗಳಿಗೆ ಅನುದಾನ ಅಂತ ಒಂದು ಸುತ್ತೋಲೆ ಬಂದರೆ ಸಾಕು, ಅದು ತಾನಾಗಿ ಹಿಂದೆ ಬರುತ್ತದೆ.

೧. ಪಟ್ಟಿ

ಕಡೂರಿನ ಸಭೆಯಲ್ಲಿ, ನಾಲ್ಕು, ಐದನೇ ತರಗತಿಯ ಕಲಿಕೆ ನೋಡಿ ಮಾಡಿದ ಹಿಂದುಳಿದ ಶಾಲೆಗಳ ಪಟ್ಟಿ ಓದಿದೆ. ಚೌಳಹಿರಿಯೂರು ಕಡೆಯ ಒಬ್ಬ ಹೆಡ್‌ಮಾಸ್ಟರು ದಡಕ್ಕನೆ ಎದ್ದರು.

“ನಮ್ಮ ಶಾಲೆ ಹಿಂದುಳಿದಿದ್ಯಾ? ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?”

“ಪಟ್ಟೀಲಿರೋ ಶಾಲೆಗೆ ದುಡ್ಡು ಬತ್ತದೆ ಕಣ್ರೀ,” ಅಂದೆ.

ಅವರ ಶಾಲೆಯ ಒಂದು ರೂಮಿನ ಹೆಂಚು ಒಡೆದು ಸೋರುತ್ತಿತ್ತು. ನಾಲ್ಕು, ಐದನೇ ತರಗತಿಯವರು ಜಗಲಿಯಲ್ಲಿ ಕೂರುತ್ತಿದ್ದರು. ಅದನ್ನು ಸರಿಮಾಡಿಸಲು ಅವರು ಅಲೆಯದ ಆಫೀಸಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು: “ಮೂರನೇ ಕ್ಲಾಸ್ನೂ ಸೇರಿಸ್ಕೊಳ್ಳಿ ಸಾರ್, ಅವು ಇನ್ನೂ ದಡ್ಡವು.”

೨. ಬಣ್ಣ

ಮೊದಲ ಕಂತು ಬಂತು. ಆದರೆ ಅದು ಗೋಡೆಯ ಬಣ್ಣಕ್ಕೆ ಮಾತ್ರ, ಹೆಂಚು ಮುಂದಿನ ವರ್ಷ. ಹೆಡ್‌ಮಾಸ್ಟರು ಸಂಭ್ರಮದಲ್ಲಿ ಎರಡೇ ದಿನಕ್ಕೆ ಹಳದಿ ಬಳಿಸಿಬಿಟ್ಟರು. ಬಳಿಯುವ ಮುಂಚಿನ ಫೋಟೋ ಕಳಿಸಬೇಕಿತ್ತು ಅನ್ನುವುದು ಆಮೇಲೆ ನೆನಪಾಯಿತು. ಪಕ್ಕದೂರಿನ ಶಾಲೆಯ ಮಾಸಿದ ಗೋಡೆಯ ಫೋಟೋ ತೆಗೆದು ಕಳಿಸಿದರು.

ಅದು ಹೇಗೋ ಪಕ್ಕದೂರಿನ ಮೇಡಂಗೆ ಗೊತ್ತಾಯಿತು. ನೇರ ಬಂದರು. “ಕೊಳಕು ನಮ್ದು, ಬಣ್ಣ ನಿಮ್ಗಾ? ಇದ್ಯಾವ ನ್ಯಾಯ ಸಾರ್?”

ಉಳಿದಿದ್ದ ಅರ್ಧ ಡಬ್ಬಿ ಕೊಟ್ಟು ರಾಜಿಯಾಯಿತು. ಆ ಶಾಲೆಯ ಗೋಡೆ ಇವತ್ತಿಗೂ ಕಿಟಕಿಯವರೆಗೆ ಮಾತ್ರ ಹಳದಿ.

೩. ಪರೀಕ್ಷೆ

ಹೆಂಚಿನ ಕಂತಿಗೊಂದು ಷರತ್ತು ಇತ್ತು. ವರ್ಷದ ಕೊನೆಗೆ ಪರೀಕ್ಷೆ. ಮಕ್ಕಳು ಚೆನ್ನಾಗಿ ಮಾಡಿದರೆ ಶಾಲೆ ಪಟ್ಟಿಯಿಂದ ಹೊರಗೆ, ದುಡ್ಡು ಬೇರೆ ಶಾಲೆಗೆ. ಈ ನಿಯಮ ಬರೆದವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಪರೀಕ್ಷೆ ಮುಗಿಯಿತು. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪ್ರಶ್ನೆಗಳು. ಜಿಲ್ಲೆಯಿಂದ ಬಂದಿದ್ದ ಅಧಿಕಾರಿ ಅಲ್ಲೇ ತಿದ್ದಿದರು. ಎಲ್ಲರಿಗೂ ಸೊನ್ನೆ. ಒಬ್ಬ ಹುಡುಗನದು ಮಾತ್ರ ಎರಡು ಸರಿ.

“ಕಣ್ಮುಚ್ಕೊಂಡು ಗುರುತು ಹಾಕಿದ್ರೂ ನಾಕೈದು ಸರಿ ಬರ್ಬೇಕಲ್ರೀ? ಇವನೊಬ್ಬನೇ ಜಾಣನಾ?”

ಹೆಡ್‌ಮಾಸ್ಟರು ಬಾಯ್ತಪ್ಪಿ ಅಂದುಬಿಟ್ಟರು: “ಇಲ್ಲ ಸಾರ್. ಒಂದು ತಿಂಗಳಿಂದ ಹೇಳ್ಕೊಡ್ತಿದೀನಿ, ಅವನೊಬ್ಬನ ತಲೆಗೇ ಹತ್ತಲಿಲ್ಲ.”

ಅಧಿಕಾರಿಗೆ ಅನುಮಾನ ಬಂತು. ಜಗಲಿಯ ಅಂಚಿನಲ್ಲಿ ಕೂತಿದ್ದ ಐದನೇ ತರಗತಿಯ ಹುಡುಗಿಯನ್ನು ಕರೆದರು. “ಏಳೆಂಟ್ಲ ಎಷ್ಟಮ್ಮಾ?”

ಅವಳು ಹೆಡ್‌ಮಾಸ್ಟರ ಮುಖ ನೋಡಿದಳು. ಅವರು ನೆಲ ನೋಡುತ್ತಿದ್ದರು.

“ಸರಿ ಉತ್ತರ ಹೇಳ್ಲಾ ಸಾರ್, ಹೆಂಚು ಬರೋ ಉತ್ತರ ಹೇಳ್ಲಾ?”

ಅಧಿಕಾರಿ ಒಳಗೆ ಹೋಗಿ ಸೋರುವ ರೂಮು ನೋಡಿಕೊಂಡು ಬಂದರು. “ಎರಡೂ ಹೇಳು.”

“ಐವತ್ತಾರು. ಐವತ್ನಾಲ್ಕು.”

ಅಧಿಕಾರಿ ಪೆನ್ನು ತೆಗೆದು, ಐವತ್ನಾಲ್ಕು ಅಂತ ಬರೆದುಕೊಂಡರು.